ಹುದ್ದೆಗಳ ಪಟ್ಟಿಯಾಚೆ: ಪತ್ರಿಕೋದ್ಯಮ ವಿಭಾಗಗಳ ವೃತ್ತಿ ಮಾರ್ಗದರ್ಶನ

ಪತ್ರಿಕೋದ್ಯಮವನ್ನು ಐಚ್ಛಿಕವಾಗಿ ಆರಿಸಿಕೊಂಡು ಬಿ.ಎ.ಗೆ ಸೇರುವ ಹುಡುಗ ಹುಡುಗಿಯರಿಗೆ ಕಾಲೇಜು ಮೊದಲು ಕೊಡುವುದು ಒಂದು ಪಟ್ಟಿ. ವರದಿಗಾರ, ಉಪಸಂಪಾದಕ, ನಿರೂಪಕ, ರೇಡಿಯೊ ಜಾಕಿ, ಛಾಯಾಗ್ರಾಹಕ, ಜಾಹೀರಾತು ಬರಹಗಾರ, ಸಾರ್ವಜನಿಕ ಸಂಪರ್ಕಾಧಿಕಾರಿ, ಉಪನ್ಯಾಸಕ. ಪ್ರವೇಶದ ಪುಸ್ತಿಕೆಯಲ್ಲಿ ‘ಉದ್ಯೋಗಾವಕಾಶಗಳು’ ಎಂಬ ತಲೆಬರಹದಡಿ ಅಚ್ಚಾಗುವ ಈ ಪಟ್ಟಿ ಕೊನೆಯ ಸೆಮಿಸ್ಟರ್‌ನಲ್ಲಿ ಮತ್ತೊಮ್ಮೆ ಹೊರಬರುತ್ತದೆ. ಆ ಹೊತ್ತಿಗೆ ವೃತ್ತಿ ಮಾರ್ಗದರ್ಶನ ಕಾರ್ಯಕ್ರಮವೊಂದು ಏರ್ಪಾಡಾಗುತ್ತದೆ, ಹಿರಿಯ ಪತ್ರಕರ್ತರೊಬ್ಬರು ಬಂದು ಮಾತಾಡುತ್ತಾರೆ, ಪ್ಲೇಸ್‌ಮೆಂಟ್ ಸೆಲ್‌ನವರು ಬಯೋಡೇಟಾ ಬರೆಯುವ ಬಗೆಯನ್ನು ಹೇಳಿಕೊಡುತ್ತಾರೆ. ಇವೆರಡರ ನಡುವಿನ ವರ್ಷಗಳಲ್ಲಿ ವೃತ್ತಿಯ ಮಾತು ಬಹುಮಟ್ಟಿಗೆ ಶಿಕ್ಷಕರ ವೈಯಕ್ತಿಕ ಆಸಕ್ತಿಗೆ ಬಿಟ್ಟ ವಿಷಯ.

ಸಂವಹನ ಓದುವ ವಿದ್ಯಾರ್ಥಿಗಳಿಗೆ ನಮ್ಮ ಕಾಲೇಜುಗಳು ರೂಪಿಸಿಕೊಟ್ಟಿರುವ ವೃತ್ತಿ ಯೋಜನೆ ಸಾಮಾನ್ಯವಾಗಿ ಇಷ್ಟೇ. ಕಾಳಜಿಯುಳ್ಳ ಮೇಷ್ಟ್ರುಗಳು ಎಲ್ಲ ಕಡೆ ಇದ್ದಾರೆ, ಚುರುಕಾದ ವಿಭಾಗಗಳೂ ಇವೆ. ಆದರೆ ಒಟ್ಟಾರೆ ಪದ್ಧತಿಯಲ್ಲೇ ಒಂದು ದೋಷವಿದೆ. ಅದು ವಿದ್ಯಾರ್ಥಿಗೆ ಹುದ್ದೆಗಳ ಹೆಸರನ್ನು ಹೇಳುತ್ತದೆ, ಆ ಹುದ್ದೆಯೊಳಗಿನ ಕೆಲಸವನ್ನು ಬಿಡಿಸಿ ತೋರಿಸುವುದಿಲ್ಲ. ಹುದ್ದೆಗಳ ಹೆಸರು ಐದಾರು ವರ್ಷಕ್ಕೊಮ್ಮೆ ಬದಲಾಗುವ ಕ್ಷೇತ್ರದಲ್ಲಿ ಈ ದೋಷ ಚಿಕ್ಕದಲ್ಲ.

ಪಟ್ಟಿಯೇ ಸಾಕಾಗಿದ್ದ ಕಾಲವೊಂದಿತ್ತು. 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮದ ಬೋಧನೆ ಶುರುವಾದಾಗ, ನಾಡಿಗ ಕೃಷ್ಣಮೂರ್ತಿಯವರ ಮುಂದೆ ಕುಳಿತ ವಿದ್ಯಾರ್ಥಿಗಳಿಗೆ ಬಾಗಿಲುಗಳು ಕಡಿಮೆ ಇದ್ದವು, ಆದರೆ ಸ್ಪಷ್ಟವಾಗಿದ್ದವು. ಡೆಕ್ಕನ್ ಹೆರಾಲ್ಡ್ ಮತ್ತು ಪ್ರಜಾವಾಣಿ ಹುಟ್ಟಿ ಮೂರು ವರ್ಷವಾಗಿತ್ತು. ಹುಬ್ಬಳ್ಳಿಯಲ್ಲಿ ಸಂಯುಕ್ತ ಕರ್ನಾಟಕ ಇತ್ತು. ಆಕಾಶವಾಣಿಯಿತ್ತು, ಸರ್ಕಾರದ ಪ್ರಚಾರ ಇಲಾಖೆಯಿತ್ತು. ಮುಂದೆ 1965ರಲ್ಲಿ ಸುಧಾ, 1967ರಲ್ಲಿ ಕನ್ನಡಪ್ರಭ, 1970ರಲ್ಲಿ ಮಣಿಪಾಲದಿಂದ ಉದಯವಾಣಿ ಬಂದವು. ಒಳಗೆ ಹೋದವರು ಉಪಸಂಪಾದಕರಾಗಿ ಸೇರಿ, ಮುಖ್ಯ ಉಪಸಂಪಾದಕರಾಗಿ, ಸುದ್ದಿ ಸಂಪಾದಕರಾಗಿ ನಿವೃತ್ತರಾಗುವುದು ಊಹಿಸಬಹುದಾದ ದಾರಿಯಾಗಿತ್ತು. ಹುದ್ದೆಯ ಹೆಸರು ಗೊತ್ತಾದರೆ ಬದುಕಿನ ಅಂದಾಜೂ ಸಿಗುತ್ತಿತ್ತು.

ಆ ಸ್ಥಿರತೆ ಕದಲಿ ಬಹಳ ಕಾಲವಾಯಿತು. 1999ರಲ್ಲಿ ವಿಜಯ ಕರ್ನಾಟಕ ಬಂದು ಕನ್ನಡ ದಿನಪತ್ರಿಕೆಗಳ ಬೆಲೆ, ಪುಟ, ಪ್ರಸಾರದ ಲೆಕ್ಕಾಚಾರವನ್ನೇ ಬದಲಿಸಿತು. 2006ರಲ್ಲಿ ಟಿವಿ9 ಕನ್ನಡ ಶುರುವಾಗಿ ಇಪ್ಪತ್ನಾಲ್ಕು ಗಂಟೆಯ ಸುದ್ದಿಯ ಮಾರುಕಟ್ಟೆಯನ್ನು ಹಿಗ್ಗಿಸಿತು. ಸುವರ್ಣ ನ್ಯೂಸ್, ಪಬ್ಲಿಕ್ ಟಿವಿ ಹಿಂದೆಯೇ ಬಂದವು. ಔಟ್‌ಪುಟ್ ಡೆಸ್ಕ್, ಪ್ಯಾನೆಲ್ ಪ್ರೊಡ್ಯೂಸರ್, ಗೆಸ್ಟ್ ಕೋಆರ್ಡಿನೇಟರ್ ಎಂಬ ಹುದ್ದೆಗಳು ಅದುವರೆಗೆ ಯಾವ ಕಾಲೇಜಿನ ಪಟ್ಟಿಯಲ್ಲೂ ಇರಲಿಲ್ಲ.

2020ರಲ್ಲಿ ಬೆಂಗಳೂರಿನಲ್ಲಿ ‘ಕೂ’ ಎಂಬ ಆ್ಯಪ್ ಹುಟ್ಟಿತು. ಅದು ಮೊದಲು ಮಾತಾಡಿದ್ದು ಕನ್ನಡದಲ್ಲೇ. ಭಾರತೀಯ ಭಾಷೆಗಳ ಸಾಮಾಜಿಕ ಜಾಲತಾಣ ಎಂಬ ಭರವಸೆ ಅದರ ಸುತ್ತ ಬೆಳೆಯಿತು. 2024ರ ಜುಲೈನಲ್ಲಿ ಕಂಪನಿ ಬಾಗಿಲು ಹಾಕುವುದಾಗಿ ಹೇಳಿತು. ಪದವಿಗೆ ಸೇರಿದ ವರ್ಷ ಅದನ್ನೇ ಗುರಿಯಾಗಿಟ್ಟುಕೊಂಡ ವಿದ್ಯಾರ್ಥಿ ಸ್ನಾತಕೋತ್ತರ ಪದವಿ ಮುಗಿಸುವುದರೊಳಗೆ ಗುರಿಯೇ ಉಳಿದಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು, 2023ರಲ್ಲಿ, ಪವರ್ ಟಿವಿ ‘ಸೌಂದರ್ಯ’ ಎಂಬ ಕೃತಕ ಬುದ್ಧಿಮತ್ತೆಯ ನಿರೂಪಕಿಯಿಂದ ಕನ್ನಡ ಸುದ್ದಿ ಓದಿಸಿತ್ತು. ಸ್ಪಷ್ಟ ಉಚ್ಚಾರಣೆ, ಒಳ್ಳೆಯ ರೂಪು ಇದ್ದರೆ ನಿರೂಪಕರಾಗಬಹುದು ಎಂದು ಅದೇ ವರ್ಷ ಎಷ್ಟೋ ತರಗತಿಗಳಲ್ಲಿ ಹೇಳುತ್ತಲೇ ಇದ್ದರು.

ಪಟ್ಟಿಯ ಹಿಂದೆ ಒಂದು ಹಳೆಯ ಸಿದ್ಧಾಂತವಿದೆ. ವೃತ್ತಿಯ ಆಯ್ಕೆಯ ಬಗ್ಗೆ ಅಮೆರಿಕದ ಫ್ರಾಂಕ್ ಪಾರ್ಸನ್ಸ್ ಬರೆದ ಪುಸ್ತಕ 1909ರಲ್ಲಿ ಪ್ರಕಟವಾಯಿತು. ನಿನ್ನನ್ನು ನೀನು ಅರಿ, ಉದ್ಯೋಗಗಳನ್ನು ಅರಿ, ಎರಡನ್ನೂ ಹೊಂದಿಸು ಎಂಬುದು ಅವರ ಸೂತ್ರದ ಸಾರ. ಕಾರ್ಖಾನೆಗಳ ಕಾಲಕ್ಕೆ ಅದು ಒಪ್ಪುವ ಸೂತ್ರ. ಉದ್ಯೋಗ ಅಲ್ಲೇ ಕಾದಿರುತ್ತದೆ, ತಕ್ಕ ಮನುಷ್ಯ ಹೋಗಿ ಸೇರಿಕೊಳ್ಳಬೇಕು ಎಂದು ಅದು ನಂಬುತ್ತದೆ. ಇದಾಗಿ ತೊಂಬತ್ತು ವರ್ಷದ ನಂತರ, 1999ರಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜಾನ್ ಕ್ರುಂಬೋಲ್ಟ್ಸ್ ಮತ್ತು ಅವರ ಸಂಗಡಿಗರು ಬೇರೆಯೇ ಮಾತು ಹೇಳಿದರು. ಆಕಸ್ಮಿಕಗಳೇ ವೃತ್ತಿಬದುಕನ್ನು ಬಹಳವಾಗಿ ರೂಪಿಸುತ್ತವೆ. ಆದ್ದರಿಂದ ಮಾರ್ಗದರ್ಶಕರು ಒಂದು ಉದ್ಯೋಗವನ್ನು ತೋರಿಸಿ ಸುಮ್ಮನಾಗಬಾರದು, ಆಕಸ್ಮಿಕವನ್ನು ಅವಕಾಶವಾಗಿ ತಿರುಗಿಸಿಕೊಳ್ಳುವ ಕುತೂಹಲ, ಪಟ್ಟು, ಹೊಂದಿಕೊಳ್ಳುವ ಗುಣಗಳನ್ನು ಬೆಳೆಸಬೇಕು ಎಂದರು. ಮಾಧ್ಯಮ ಕ್ಷೇತ್ರಕ್ಕೆ ಒಪ್ಪುವುದು ಈ ಎರಡನೆಯ ಮಾತು. ಆದರೆ ನಮ್ಮ ವಿಭಾಗಗಳ ಕಾರ್ಯಕ್ರಮಗಳಲ್ಲಿ ಇನ್ನೂ ನಡೆಯುತ್ತಿರುವುದು ಪಾರ್ಸನ್ಸ್ ಅವರ ಸೂತ್ರ, ಅದೂ ಅರ್ಧ ಮಾತ್ರ. ನಿನ್ನನ್ನು ನೀನು ಅರಿ ಎಂಬ ಮೊದಲ ಭಾಗಕ್ಕೆ ಅಲ್ಲಿ ಸಮಯ ಸಿಗುವುದು ಅಪರೂಪ.

ಆಕಸ್ಮಿಕ ಅಂದರೆ ಹಣೆಬರಹವೆಂದು ತಿಳಿದು ಕೈಕಟ್ಟಿ ಕೂರುವಂತಿಲ್ಲ. ಕನ್ನಡದಲ್ಲಿ ಡಬ್ಬಿಂಗ್ ಹಾದುಬಂದ ದಾರಿಯನ್ನು ನೋಡಿದರೆ ಇದು ತಿಳಿಯುತ್ತದೆ. ಚಿತ್ರರಂಗದ ತಡೆಯಿಂದಾಗಿ ದಶಕಗಳ ಕಾಲ ಕನ್ನಡಕ್ಕೆ ಡಬ್ಬಿಂಗ್ ಆಗುತ್ತಲೇ ಇರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆಯ ವಿರುದ್ಧ ತೀರ್ಪು ಕೊಟ್ಟಿತು. 2017ರಲ್ಲಿ ‘ಸತ್ಯದೇವ್ ಐಪಿಎಸ್’ ಎಂಬ ತಮಿಳು ಮೂಲದ ಚಿತ್ರ ಕನ್ನಡದಲ್ಲಿ ಮಾತಾಡಿ ತೆರೆಗೆ ಬಂತು. 2020ರ ಲಾಕ್‌ಡೌನ್‌ನಲ್ಲಿ ಚಿತ್ರೀಕರಣ ನಿಂತಾಗ ಸ್ಟಾರ್ ಸುವರ್ಣ ವಾಹಿನಿ ಹಿಂದಿಯ ‘ಮಹಾಭಾರತ’ವನ್ನು ಕನ್ನಡದಲ್ಲಿ ಪ್ರಸಾರ ಮಾಡಿತು, ಮನೆಮನೆಗಳಲ್ಲಿ ಜನ ಕೂತು ನೋಡಿದರು. ಒಟಿಟಿಗಳು ಬಂದ ಮೇಲೆ ಈ ಕೆಲಸ ಇನ್ನೂ ಹೆಚ್ಚಿತು. ತುಟಿಯ ಚಲನೆಗೆ ಹೊಂದುವಂತೆ, ಆದರೂ ಕನ್ನಡದ ಜಾಯಮಾನ ಕೆಡದಂತೆ ಸಂಭಾಷಣೆ ಬರೆಯಬಲ್ಲವರಿಗೆ, ಉಪಶೀರ್ಷಿಕೆ ಮಾಡಬಲ್ಲವರಿಗೆ, ಕಂಠದಾನ ಕಲಾವಿದರನ್ನು ನಡೆಸಬಲ್ಲವರಿಗೆ ಕೆಲಸ ಹುಟ್ಟಿತು. 2014ರಲ್ಲಿ ಯಾವ ಉಪನ್ಯಾಸಕರಿಗೂ ಈ ಹುದ್ದೆ ಬರುತ್ತದೆ ಎಂದು ಹೇಳಲು ಸಾಧ್ಯವಿರಲಿಲ್ಲ. ಆದರೆ ಆಡುಮಾತಿನ ಲಯ ಹಿಡಿದು ಬರೆಯುವುದನ್ನು, ಒಂದು ಭಾಷೆಯ ಭಾವವನ್ನು ಇನ್ನೊಂದಕ್ಕೆ ದಾಟಿಸುವುದನ್ನು ಆ ವರ್ಷವೂ ಕಲಿಸಬಹುದಿತ್ತು. ಕಲಿತಿದ್ದವರು ಬಾಗಿಲು ತೆರೆದಾಗ ಒಳಗೆ ಹೋದರು.

ಪದ್ಧತಿಯ ಮೊದಲ ಕೊರತೆ ಇಲ್ಲೇ ಇದೆ: ಅನುವಾದಕ್ಕೆ ನಮ್ಮ ವೃತ್ತಿ ಮಾರ್ಗದರ್ಶನ ಕೊಡಬೇಕಾದಷ್ಟು ಬೆಲೆ ಕೊಟ್ಟಿಲ್ಲ. ಕನ್ನಡ ಪತ್ರಿಕೆಯ ಡೆಸ್ಕ್‌ಗೆ ಟ್ರೈನಿಯಾಗಿ ಸೇರಿದವರು ಮೊದಲ ವಾರದಲ್ಲೇ ಎದುರಿಸುವುದು ಪಿಟಿಐ ಸುದ್ದಿಸಂಸ್ಥೆಯ ಇಂಗ್ಲಿಷ್ ಕಾಪಿಯನ್ನು. ಸುಪ್ರೀಂ ಕೋರ್ಟ್‌ನ ತೀರ್ಪು, ರಿಸರ್ವ್ ಬ್ಯಾಂಕಿನ ರೆಪೊ ದರ, ವಿದೇಶದ ಚುನಾವಣೆ, ಎಲ್ಲವೂ ರಾತ್ರಿ ಹನ್ನೊಂದರೊಳಗೆ ಕನ್ನಡಕ್ಕೆ ಬರಬೇಕು. ಇಂಗ್ಲಿಷ್ ಅರ್ಥವಾಗದವರೂ ತಡವರಿಸುತ್ತಾರೆ, ಕನ್ನಡದಲ್ಲಿ ವಾಕ್ಯ ಕಟ್ಟಲು ಬಾರದವರೂ ತಡವರಿಸುತ್ತಾರೆ. ಹಳ್ಳಿಯ ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಅಡ್ಡಗಾಲು, ಬೆಂಗಳೂರಿನ ಇಂಗ್ಲಿಷ್ ಮಾಧ್ಯಮದವರಿಗೆ ಕನ್ನಡ ಅಡ್ಡಗಾಲು. ಇಬ್ಬರನ್ನೂ ಒಂದೇ ಬೆಂಚಿನಲ್ಲಿ ಕೂರಿಸಿ ಒಂದೇ ಕಾಪಿಯನ್ನು ಎರಡೂ ದಿಕ್ಕಿನಿಂದ ಅನುವಾದಿಸುವ ಅಭ್ಯಾಸ ಮೂರು ವರ್ಷ ನಡೆದರೆ, ಅದು ಹತ್ತು ವೃತ್ತಿ ಮಾರ್ಗದರ್ಶನ ಶಿಬಿರಗಳಿಗಿಂತ ಹೆಚ್ಚು ಕೆಲಸ ಮಾಡುತ್ತದೆ.

ಯಂತ್ರಾನುವಾದ ಬಂದಾಗಿದೆ, ಇನ್ನು ಇದೆಲ್ಲ ಏಕೆ ಎಂಬ ಪ್ರಶ್ನೆ ಸಹಜ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆ 2022ರಲ್ಲಿ ಶುರುವಾಯಿತು. ಮದ್ರಾಸ್ ಐಐಟಿಯ ಎಐ4ಭಾರತ್ ತಂಡ ಕನ್ನಡವೂ ಸೇರಿ ಹಲವು ಭಾಷೆಗಳಿಗೆ ಅನುವಾದದ ಮಾದರಿಗಳನ್ನು ಕಟ್ಟಿದೆ. ಕರಡು ಅನುವಾದ ಈಗ ಕ್ಷಣದ ಕೆಲಸ. ಆದರೆ ಯಂತ್ರ ಕೊಟ್ಟದ್ದರಲ್ಲಿ ತಪ್ಪು ಎಲ್ಲಿದೆ, ಕಾನೂನಿನ ಪದ ಎಲ್ಲಿ ಅರ್ಥ ಬದಲಿಸಿದೆ, ಊರಿನ ಹೆಸರು ಎಲ್ಲಿ ಕೆಟ್ಟಿದೆ ಎಂದು ಹಿಡಿಯಬಲ್ಲ ಕಣ್ಣು ಎರಡೂ ಭಾಷೆಯನ್ನು ದುಡಿಸಿಕೊಂಡವರಿಗೆ ಮಾತ್ರ ಬರುತ್ತದೆ. ವೇಗವಾಗಿ ಅನುವಾದಿಸುವವರಿಗೆ ಬೇಡಿಕೆ ಇಳಿಯುವುದು ನಿಜ. ತಿದ್ದಿ ಹೊಣೆ ಹೊರುವವರ ಕೆಲಸ ಉಳಿಯುತ್ತದೆ. ವಿದ್ಯಾರ್ಥಿಗಳಿಗೆ ಹೇಳಬೇಕಾದ್ದು ಈ ವ್ಯತ್ಯಾಸವನ್ನು. ಯಂತ್ರವನ್ನು ತೋರಿಸಿ ಹೆದರಿಸುವುದೂ ಬೇಡ, ಅದೊಂದು ಹೊಸ ಹುದ್ದೆ ಎಂದು ಪಟ್ಟಿಗೆ ಸೇರಿಸಿ ಸುಮ್ಮನಾಗುವುದೂ ಬೇಡ.

ಪದ್ಧತಿಯ ಎರಡನೆಯ ಕೊರತೆ ವಿಷಯಜ್ಞಾನಕ್ಕೆ ಸಂಬಂಧಿಸಿದ್ದು. ಬರೆಯಲು ಬಂದರೆ ಸಾಕು ಎಂಬ ಭಾವನೆಯನ್ನು ಪತ್ರಿಕೋದ್ಯಮದ ತರಗತಿಗಳು ತಿಳಿದೋ ತಿಳಿಯದೆಯೋ ಬೆಳೆಸುತ್ತವೆ. ಕನ್ನಡ ಪತ್ರಿಕೋದ್ಯಮದ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ನಾಗೇಶ ಹೆಗಡೆಯವರು ಖರಗಪುರದ ಐಐಟಿ ಮತ್ತು ದೆಹಲಿಯ ಜೆಎನ್‌ಯುನಲ್ಲಿ ವಿಜ್ಞಾನ ಓದಿ ಪ್ರಜಾವಾಣಿಗೆ ಬಂದವರು. ಕನ್ನಡದಲ್ಲಿ ಪರಿಸರ ಮತ್ತು ವಿಜ್ಞಾನ ಬರವಣಿಗೆ ಒಂದು ಗಟ್ಟಿ ಪ್ರಕಾರವಾಗಿ ನಿಂತದ್ದರಲ್ಲಿ ಅವರ ಪಾಲು ದೊಡ್ಡದು. ಪಿ. ಲಂಕೇಶ್ ಇಂಗ್ಲಿಷ್ ಮೇಷ್ಟ್ರಾಗಿದ್ದವರು, ಕಥೆ ನಾಟಕ ಬರೆದವರು, ಸಿನಿಮಾ ಮಾಡಿದವರು. ಆಮೇಲೆ 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಪುತ್ತೂರಿನಿಂದ 1988ರಿಂದ ಬರುತ್ತಿರುವ ‘ಅಡಿಕೆ ಪತ್ರಿಕೆ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಶ್ರೀ ಪಡ್ರೆಯವರ ಸಂಪಾದಕತ್ವದಲ್ಲಿ ಅದು ಕೃಷಿಕರ ಕೈಗೇ ಲೇಖನಿ ಕೊಟ್ಟಿತು. ತೋಟ ಗೊತ್ತಿದ್ದವರು ಬರೆಯುವುದನ್ನು ಕಲಿತರು, ಹಲಸಿನ ಮೌಲ್ಯವರ್ಧನೆಯಿಂದ ಮಳೆನೀರು ಇಂಗಿಸುವವರೆಗೆ ನಿಖರ ಮಾಹಿತಿಯ ಒಂದು ಪರಂಪರೆ ಬೆಳೆಯಿತು.

ಈ ದೃಷ್ಟಿಯಿಂದ ನಮ್ಮ ಮೂರು ಐಚ್ಛಿಕಗಳ ಹಳೆಯ ಬಿ.ಎ. ಪದ್ಧತಿ ದೊಡ್ಡ ಅನುಕೂಲವಾಗಿತ್ತು. ಇತಿಹಾಸ, ಅರ್ಥಶಾಸ್ತ್ರ, ಪತ್ರಿಕೋದ್ಯಮ. ಮನಃಶಾಸ್ತ್ರ, ಇಂಗ್ಲಿಷ್, ಪತ್ರಿಕೋದ್ಯಮ. ಪತ್ರಿಕೋದ್ಯಮದ ಪಕ್ಕದಲ್ಲೇ ಎರಡು ಗಟ್ಟಿ ವಿಷಯಗಳು ಕೂತಿದ್ದವು. ಆದರೆ ಅರ್ಥಶಾಸ್ತ್ರದ ತರಗತಿಯಲ್ಲಿ ಕಲಿತದ್ದನ್ನು ಇಟ್ಟುಕೊಂಡು ರಾಜ್ಯ ಬಜೆಟ್‌ನ ವರದಿ ಬರೆಸುವ, ಇತಿಹಾಸದ ಪಾಠವನ್ನು ಇಟ್ಟುಕೊಂಡು ಊರಿನ ಕೋಟೆಯ ಬಗ್ಗೆ ರೇಡಿಯೊ ರೂಪಕ ಮಾಡಿಸುವ ವಿಭಾಗಗಳು ಎಷ್ಟು? ಮೂರೂ ವಿಷಯಗಳು ಮೂರು ಕೋಣೆಗಳಲ್ಲಿ ಬೇರೆ ಬೇರೆಯಾಗಿ ಉಳಿದವು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಮೊದಲು ಜಾರಿಗೊಳಿಸಿದ ರಾಜ್ಯ ಎನಿಸಿಕೊಂಡ ಕರ್ನಾಟಕ ನಾಲ್ಕು ವರ್ಷದ ಆನರ್ಸ್ ತಂದಿತು. 2024–25ರಿಂದ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಈ ಏರಿಳಿತದಲ್ಲಿ ಪಠ್ಯಕ್ರಮಗಳು ಮತ್ತೆ ಮತ್ತೆ ಬರೆಯಲ್ಪಟ್ಟವು. ವಿಷಯಗಳ ನಡುವಿನ ಗೋಡೆ ಮಾತ್ರ ಹಾಗೆಯೇ ನಿಂತಿದೆ.

ವಿಷಯಜ್ಞಾನ ಊರಿನಿಂದಲೂ ಬರುತ್ತದೆ. ಪತ್ರಕರ್ತ ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ‘ಪರಿ’ ಗ್ರಾಮೀಣ ಭಾರತದ ಜನಜೀವನವನ್ನು ದಾಖಲಿಸುವ ತಾಣ. ಅದರ ಬರಹಗಳು ಕನ್ನಡದಲ್ಲೂ ಸಿಗುತ್ತವೆ, ವಿದ್ಯಾರ್ಥಿಗಳ ಬರಹಗಳಿಗೂ ಅಲ್ಲಿ ಜಾಗವಿದೆ. ತನ್ನ ತಾಲ್ಲೂಕಿನ ನೇಕಾರರು, ಕುರಿಗಾಹಿಗಳು, ಬೀಡಿ ಕಟ್ಟುವ ಹೆಂಗಸರ ಬಗ್ಗೆ ಆಳವಾಗಿ ತಿಳಿದ ಹುಡುಗಿಗೆ ಅಂಥ ವೇದಿಕೆ ನಿಜವಾದ ಅವಕಾಶ. ತಾನು ಹುಟ್ಟಿ ಬೆಳೆದ ಊರೇ ತನ್ನ ಬೀಟ್ ಆಗಬಲ್ಲದು ಎಂದು ಅವಳಿಗೆ ಕಾಲೇಜು ಹೇಳಬೇಕು. ಈಗ ಹೇಳುತ್ತಿರುವುದು ಬೆಂಗಳೂರಿಗೆ ಹೋಗು ಎಂದು.

ಮೂರನೆಯದು ಕೆಲಸದ ಕಡತ. ಸಂವಹನ ಕ್ಷೇತ್ರದಲ್ಲಿ ನೇಮಕ ಮಾಡುವವರು ಅಂಕಪಟ್ಟಿಗಿಂತ ಮೊದಲು ಕೇಳುವುದು ಏನು ಮಾಡಿದ್ದೀರಿ, ತೋರಿಸಿ ಎಂದು. ಪ್ರಕಟವಾದ ಲೇಖನ, ಸಂಕಲಿಸಿದ ವಿಡಿಯೊ, ಧ್ವನಿಮುದ್ರಿಸಿದ ಸಂದರ್ಶನ, ವಿನ್ಯಾಸ ಮಾಡಿದ ಪುಟ, ನಡೆಸಿದ ಪ್ರಚಾರ ಅಭಿಯಾನ. ಇದನ್ನು ಕೊನೆಯ ಸೆಮಿಸ್ಟರ್‌ನಲ್ಲಿ ತರಾತುರಿಯಲ್ಲಿ ಕಟ್ಟಲಾಗದು, ಮೊದಲ ವರ್ಷದಿಂದಲೇ ಕೂಡುತ್ತಾ ಹೋಗಬೇಕು. ನಮ್ಮ ವಿಭಾಗಗಳಲ್ಲಿ ಇದಕ್ಕೆ ಸಾಧನವಿಲ್ಲ ಎನ್ನುವಂತಿಲ್ಲ. ಪ್ರಯೋಗ ಪತ್ರಿಕೆ ಪಠ್ಯಕ್ರಮದ ಭಾಗವಾಗಿ ಎಷ್ಟೋ ಕಡೆ ನಡೆಯುತ್ತಿದೆ. ಆದರೆ ಅದು ಅಂಕಕ್ಕಾಗಿ ಹೊರಬರುವ ಪತ್ರಿಕೆಯಾಗಿ ಉಳಿದರೆ, ಕಾಲೇಜು ದಿನಾಚರಣೆ ಮತ್ತು ಅತಿಥಿ ಉಪನ್ಯಾಸಗಳ ವರದಿಯಿಂದ ತುಂಬಿದರೆ, ಅದರ ಒಂದು ಪುಟವೂ ಸಂಪಾದಕರ ಮುಂದೆ ಇಡುವಂತಿರುವುದಿಲ್ಲ. ಕಾಲೇಜಿನ ಗೇಟಿನ ಆಚೆ ನಿಂತ ಬೀದಿ ವ್ಯಾಪಾರಿಯ ಕಥೆ, ಹಾಸ್ಟೆಲ್‌ನ ನೀರಿನ ಗುಣಮಟ್ಟ, ಬಸ್ ಪಾಸ್‌ನ ಗೊಂದಲ, ಪಂಚಾಯಿತಿಯ ಸಭೆ ಬಂದರೆ ಮಾತ್ರ ಅದು ವೃತ್ತಿಯ ಮೊದಲ ಮೆಟ್ಟಿಲಾಗುತ್ತದೆ.

ಕ್ಯಾಂಪಸ್ ರೇಡಿಯೊಗಳು ಈ ವಿಷಯದಲ್ಲಿ ಹೆಚ್ಚು ಯಶಸ್ವಿ. ಬೆಂಗಳೂರಿನ ಜೈನ್ ಸಂಸ್ಥೆಯ ರೇಡಿಯೊ ಆಕ್ಟಿವ್ 2007ರಿಂದ ನಡೆಯುತ್ತಿದೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ರೇಡಿಯೊ ಸಾರಂಗ್ ಕನ್ನಡದ ಜೊತೆ ತುಳು, ಕೊಂಕಣಿ, ಬ್ಯಾರಿಯಲ್ಲೂ ಮಾತಾಡುತ್ತದೆ. ಅಲ್ಲಿ ಕಾರ್ಯಕ್ರಮ ಮಾಡಿದ ವಿದ್ಯಾರ್ಥಿಗೆ ಮೀನುಗಾರರನ್ನು, ಆಟೊ ಚಾಲಕರನ್ನು, ನರ್ಸ್‌ಗಳನ್ನು ಮೈಕ್ ಮುಂದೆ ಕೂರಿಸಿ ಮಾತಾಡಿಸುವ ಅಭ್ಯಾಸವಾಗುತ್ತದೆ. ಆ ಅಭ್ಯಾಸ ಮುಂದೆ ಪಾಡ್‌ಕಾಸ್ಟ್‌ಗೂ ಬರುತ್ತದೆ, ಸಾಕ್ಷ್ಯಚಿತ್ರಕ್ಕೂ ಬರುತ್ತದೆ, ಆಸ್ಪತ್ರೆಯೊಂದರ ಆರೋಗ್ಯ ಸಂವಹನ ವಿಭಾಗಕ್ಕೂ ಬರುತ್ತದೆ. ‘ತಲೆ-ಹರಟೆ’ಯಂಥ ಕನ್ನಡ ಪಾಡ್‌ಕಾಸ್ಟ್ ಗಂಭೀರ ವಿಷಯಗಳ ದೀರ್ಘ ಸಂಭಾಷಣೆಗೂ ಕೇಳುಗರಿದ್ದಾರೆ ಎಂದು ತೋರಿಸಿಕೊಟ್ಟಿದೆ. ಮೈಲ್ಯಾಂಗ್ ಬುಕ್ಸ್‌ನಂಥ ಸಂಸ್ಥೆಗಳು ಕನ್ನಡದ ಆಡಿಯೊ ಪುಸ್ತಕಕ್ಕೆ ದಾರಿ ಮಾಡಿವೆ. ಹುದ್ದೆಯ ಹೆಸರು ಏನೇ ಇರಲಿ, ಒಳಗಿನ ಕೆಲಸ ಒಂದೇ: ಕೇಳುವುದು, ಆರಿಸುವುದು, ಧ್ವನಿಯಲ್ಲಿ ಕಟ್ಟುವುದು.

ಇನ್ನು ಇಂಟರ್ನ್‌ಶಿಪ್. ವೃತ್ತಿ ಯೋಜನೆಯ ಪೈಕಿ ವಿಭಾಗಗಳು ಅತಿ ಹೆಚ್ಚು ನೆಚ್ಚಿಕೊಂಡಿರುವುದು ಇದನ್ನು. ಒಳ್ಳೆಯ ಸಂಪಾದಕರ ಕೈಗೆ ಸಿಕ್ಕರೆ ಒಂದು ತಿಂಗಳಲ್ಲಿ ಒಂದು ವರ್ಷದ ಪಾಠ ಸಿಗುತ್ತದೆ. ಆದರೆ ಪದ್ಧತಿಯಾಗಿ ನೋಡಿದರೆ ಇದರ ಹೊರೆ ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲ. ಬೆಂಗಳೂರಿನಲ್ಲಿ ಮನೆಯಿರುವ ವಿದ್ಯಾರ್ಥಿಗೆ ಸಂಬಳವಿಲ್ಲದ ತಿಂಗಳು ಒಂದು ಅನುಭವ. ವಿಜಯಪುರದಿಂದಲೋ ರಾಯಚೂರಿನಿಂದಲೋ ಬಂದವರಿಗೆ ಅದು ಪಿಜಿ ಬಾಡಿಗೆ, ಊಟ, ಓಡಾಟದ ಸಾಲ. ಆ ಖರ್ಚು ಭರಿಸಲಾಗದವರು ಊರಿನ ಕೇಬಲ್ ವಾಹಿನಿಯಿಂದ ಪ್ರಮಾಣಪತ್ರ ತಂದುಕೊಟ್ಟು ಶಾಸ್ತ್ರ ಮುಗಿಸುತ್ತಾರೆ. ನೇಮಕದ ಹೊತ್ತಿಗೆ ಯಾರ ಹೆಸರು ಸಂಪಾದಕರಿಗೆ ಗೊತ್ತಿರುತ್ತದೆ ಎಂಬುದು ಅಲ್ಲೇ ತೀರ್ಮಾನವಾಗಿಬಿಡುತ್ತದೆ.

ಆಕ್ಸ್‌ಫ್ಯಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ದೇಶದ ಸುದ್ದಿಮನೆಗಳ 121 ನಾಯಕತ್ವದ ಹುದ್ದೆಗಳನ್ನು ಪರಿಶೀಲಿಸಿತು. ಅವುಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ಪರಿಶಿಷ್ಟ ಜಾತಿ, ಪಂಗಡದ ಒಬ್ಬರೂ ಇರಲಿಲ್ಲ. ಇದನ್ನು ಕಣ್ಣೆದುರು ಇಟ್ಟುಕೊಂಡರೆ ರಾಜ್ಯದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆ ಪರಿಶಿಷ್ಟ ಜಾತಿ, ಪಂಗಡದ ಪತ್ರಿಕೋದ್ಯಮ ಪದವೀಧರರಿಗೆ ಭತ್ಯೆ ಕೊಟ್ಟು ನಡೆಸುವ ಅಪ್ರೆಂಟಿಸ್ ತರಬೇತಿ ಎಷ್ಟು ಮುಖ್ಯ ಎಂದು ಗೊತ್ತಾಗುತ್ತದೆ. ಕರ್ನಾಟಕ ಮಾಧ್ಯಮ ಅಕಾಡೆಮಿಯ ತರಬೇತಿಗಳೂ ಇದೇ ಸಾಲಿನವು. ಪ್ರತಿ ವಿಭಾಗದ ಸೂಚನಾಫಲಕದಲ್ಲಿ ಇವುಗಳ ಅರ್ಜಿಯ ದಿನಾಂಕ ಇರಬೇಕು. ಅರ್ಜಿ ತುಂಬಲು ನೆರವಾಗುವ ಒಬ್ಬ ಶಿಕ್ಷಕರು ಇರಬೇಕು. ಇದು ದೊಡ್ಡ ಖರ್ಚಿನ ಮಾತಲ್ಲ.

ಸಂಬಳ ಮತ್ತು ಕಾನೂನಿನ ವಿಷಯದಲ್ಲಿ ನಮ್ಮ ಮಾರ್ಗದರ್ಶನ ಬಹುತೇಕ ಮೌನವಾಗಿರುತ್ತದೆ. ವರದಿ ಬರೆಯುವುದನ್ನು ಕಲಿಸುವ ವಿಭಾಗ ನೇಮಕಾತಿ ಪತ್ರ ಓದುವುದನ್ನೂ ಕಲಿಸಬೇಕಲ್ಲವೇ? 1955ರ ಕಾರ್ಯನಿರತ ಪತ್ರಕರ್ತರ ಕಾಯ್ದೆ ಸತತ ನಾಲ್ಕು ವಾರಗಳಲ್ಲಿ ದುಡಿಮೆ 144 ಗಂಟೆ ಮೀರಬಾರದು ಎಂದು ಹೇಳಿತ್ತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸುಗಳು 2011ರಲ್ಲಿ ಅಧಿಸೂಚನೆಯಾದವು, 2014ರಲ್ಲಿ ಸುಪ್ರೀಂ ಕೋರ್ಟ್ ಅವುಗಳನ್ನು ಎತ್ತಿಹಿಡಿಯಿತು, 2017ರಲ್ಲಿ ಗುತ್ತಿಗೆಯ ಮೇಲೆ ದುಡಿಯುವವರಿಗೂ ಅವು ಅನ್ವಯಿಸುತ್ತವೆ ಎಂದು ಸ್ಪಷ್ಟಪಡಿಸಿತು. 2020ರ ಕಾರ್ಮಿಕ ಸಂಹಿತೆಗಳು ಆ ಹಳೆಯ ಕಾಯ್ದೆಯನ್ನು ತಮ್ಮೊಳಗೆ ಸೇರಿಸಿಕೊಂಡಿವೆ. ಕೆಲಸದ ಸ್ಥಳದಲ್ಲಿನ ಲೈಂಗಿಕ ಕಿರುಕುಳದ ವಿರುದ್ಧದ 2013ರ ಕಾಯ್ದೆಯ ರಕ್ಷಣೆ ತರಬೇತಿಗೆ ಬಂದವರಿಗೂ ಅಪ್ರೆಂಟಿಸ್‌ಗಳಿಗೂ ಇದೆ. ರಾತ್ರಿ ಪಾಳಿಗೆ ಹೋಗುವ ಹುಡುಗಿಗೆ ಇದು ಗೊತ್ತಿರಬೇಕಾದ್ದು ಕೆಲಸಕ್ಕೆ ಸೇರುವ ಮೊದಲು.

ಜಿಲ್ಲೆಗಳ ಸ್ಥಿತಿ ಇನ್ನೂ ಕಠಿಣ. ತಾಲ್ಲೂಕು ಮಟ್ಟದ ಅರೆಕಾಲಿಕ ವರದಿಗಾರರಲ್ಲಿ ಹಲವರಿಗೆ ತಿಂಗಳ ಸಂಬಳವೆಂಬುದಿಲ್ಲ. ಸುದ್ದಿಯ ಲೆಕ್ಕದಲ್ಲಿ ಚಿಕ್ಕ ಗೌರವಧನ, ಜೊತೆಗೆ ಜಾಹೀರಾತು ತರುವ ಹೊಣೆ. ಸುದ್ದಿ ಮಾಡಬೇಕಾದ ಗುತ್ತಿಗೆದಾರರ ಬಳಿಯೇ ಹಬ್ಬದ ಜಾಹೀರಾತು ಕೇಳಬೇಕಾದ ಇಕ್ಕಟ್ಟಿನಲ್ಲಿ ವೃತ್ತಿನೀತಿ ಬೇಗ ಸವೆಯುತ್ತದೆ. ವಿದ್ಯಾರ್ಥಿಗೆ ಈ ವಾಸ್ತವವನ್ನು ಮುಚ್ಚಿಟ್ಟು ಪತ್ರಿಕೋದ್ಯಮವೆಂದರೆ ಸೇವೆ ಎಂದಷ್ಟೇ ಹೇಳಿ ಕಳಿಸುವುದು ಅನ್ಯಾಯ. ಇನ್ನೊಂದು ಮೂಲದಿಂದ ಆದಾಯ ಇಟ್ಟುಕೊಂಡು ಸ್ವತಂತ್ರವಾಗಿ ಬರೆಯುವುದು, ಸ್ವಯಂಸೇವಾ ಸಂಸ್ಥೆಯಲ್ಲೋ ಸಹಕಾರ ಸಂಘದಲ್ಲೋ ಸಂವಹನದ ಕೆಲಸ ಮಾಡುವುದು, ಕೃಷಿ ಉತ್ಪಾದಕರ ಕಂಪನಿಗೆ ಪ್ರಚಾರ ಸಾಮಗ್ರಿ ಮಾಡಿಕೊಡುವುದು, ಇವೆಲ್ಲ ಜಿಲ್ಲೆಯಲ್ಲೇ ಇದ್ದು ಮಾನವಾಗಿ ಬದುಕುವ ದಾರಿಗಳು. ಸರಗೂರಿನಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ನಡೆಸುವ ಜನಧ್ವನಿ ಸಮುದಾಯ ಬಾನುಲಿಯಂಥ ಕೇಂದ್ರಗಳು ಅಂಥ ದುಡಿಮೆಯ ಮಾದರಿಯನ್ನು ಕಣ್ಣೆದುರು ಇಟ್ಟಿವೆ. ಇವು ಯಾವ ಪ್ಲೇಸ್‌ಮೆಂಟ್ ಪಟ್ಟಿಯಲ್ಲೂ ಬರುವುದಿಲ್ಲ, ಏಕೆಂದರೆ ಅವು ಕ್ಯಾಂಪಸ್‌ಗೆ ಬಂದು ಸಂದರ್ಶನ ಮಾಡುವ ಕಂಪನಿಗಳಲ್ಲ.

ಸರ್ಕಾರಿ ಕೆಲಸದ ಆಸೆ ಹೊತ್ತವರಿಗೂ ನೇರ ಮಾತು ಬೇಕು. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವಾ ಪರೀಕ್ಷೆಯ ಮೂಲಕ ಭಾರತೀಯ ಮಾಹಿತಿ ಸೇವೆಗೆ ಹೋಗಬಹುದು ಎಂದು ಮಾರ್ಗದರ್ಶಕರು ಹೇಳುತ್ತಾರೆ. ಆದರೆ ಆ ಪರೀಕ್ಷೆಯ ಐಚ್ಛಿಕ ವಿಷಯಗಳಲ್ಲಿ ಪತ್ರಿಕೋದ್ಯಮವೇ ಇಲ್ಲ ಎಂಬುದನ್ನೂ ಜೊತೆಗೇ ಹೇಳಬೇಕು. ಆಗ ಇತಿಹಾಸವನ್ನೋ ರಾಜ್ಯಶಾಸ್ತ್ರವನ್ನೋ ಕನ್ನಡ ಸಾಹಿತ್ಯವನ್ನೋ ಮೊದಲ ವರ್ಷದಿಂದಲೇ ಗಂಭೀರವಾಗಿ ಓದುವ ನಿರ್ಧಾರಕ್ಕೆ ಕಾರಣ ಸಿಗುತ್ತದೆ. ಅಧ್ಯಾಪನಕ್ಕೆ ಹೋಗುವವರಿಗೆ ಸ್ನಾತಕೋತ್ತರ ಪದವಿ, ನೆಟ್ ಅಥವಾ ಕೆ-ಸೆಟ್ ಎಂಬ ದಾರಿ ಸ್ಪಷ್ಟ. ಅದರ ಕೊನೆಯಲ್ಲಿ ಅತಿಥಿ ಉಪನ್ಯಾಸಕರಾಗಿ ಕಾಯಬೇಕಾದ ವರ್ಷಗಳಿವೆ ಎಂಬುದೂ ಅಷ್ಟೇ ಸ್ಪಷ್ಟ.

ಹಾಗಾದರೆ ಈ ಪದ್ಧತಿಗೆ ಕೊಡಬೇಕಾದ ತೀರ್ಪೇನು? ಪ್ರಯೋಗ ಪತ್ರಿಕೆ, ಕ್ಯಾಂಪಸ್ ರೇಡಿಯೊ, ಇಂಟರ್ನ್‌ಶಿಪ್, ಸರ್ಕಾರದ ತರಬೇತಿ ಯೋಜನೆಗಳು, ಜೊತೆಗೆ ಕಲಿಯುವ ಬೇರೆ ವಿಷಯಗಳು. ಬೇಕಾದ ಬಿಡಿಭಾಗಗಳೆಲ್ಲ ನಮ್ಮಲ್ಲಿವೆ. ಅವುಗಳನ್ನು ಒಂದು ಯೋಜನೆಯಾಗಿ ಜೋಡಿಸುವವರಿಲ್ಲ. ಪಠ್ಯಕ್ರಮ ಒಂದು ಕಡೆ, ಪ್ಲೇಸ್‌ಮೆಂಟ್ ಸೆಲ್ ಇನ್ನೊಂದು ಕಡೆ, ಶಿಕ್ಷಕರ ಸ್ವಂತ ಪರಿಚಯಗಳು ಮತ್ತೊಂದು ಕಡೆ. ಖಾಯಂ ಬೋಧಕರಿಲ್ಲದೆ ಅತಿಥಿ ಉಪನ್ಯಾಸಕರ ಮೇಲೆಯೇ ನಿಂತಿರುವ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಜೋಡಣೆ ಇನ್ನೂ ಕಷ್ಟ. ಪ್ರತಿ ಸೆಮಿಸ್ಟರ್ ಮುಂದುವರಿಯುವ ಭರವಸೆಯಿಲ್ಲದ ಬೋಧಕರಿಂದ ಮೂರು ವರ್ಷದ ಮಾರ್ಗದರ್ಶನ ನಿರೀಕ್ಷಿಸುವುದು ಹೇಗೆ? ಮಾರ್ಗದರ್ಶನದ ಗುಣಮಟ್ಟದ ಪ್ರಶ್ನೆ ಕೊನೆಗೆ ನೇಮಕಾತಿಯ ಪ್ರಶ್ನೆಗೆ ಬಂದು ನಿಲ್ಲುತ್ತದೆ.

ರಾಜ್ಯದ ಶಿಕ್ಷಣ ನೀತಿಗಾಗಿ ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ ಆಯೋಗ ರಚನೆಯಾಗಿ, ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿರುವ ಈ ಹೊತ್ತಿನಲ್ಲಿ ಅಧ್ಯಯನ ಮಂಡಳಿಗಳು ತಮ್ಮ ವ್ಯಾಪ್ತಿಯಲ್ಲೇ ಮಾಡಬಹುದಾದ ಬದಲಾವಣೆಗಳಿವೆ. ಮೊದಲ ವರ್ಷದಲ್ಲಿ ಎರಡೂ ದಿಕ್ಕಿನ ಅನುವಾದ ಮತ್ತು ಸತ್ಯಶೋಧನೆಯ ಅಭ್ಯಾಸ. ಎರಡನೆಯ ವರ್ಷದಲ್ಲಿ ಜೊತೆಯ ಐಚ್ಛಿಕ ವಿಷಯದ ಮೇಲೆ ಒಂದು ದೀರ್ಘ ಬರಹ ಅಥವಾ ಧ್ವನಿರೂಪಕ, ಅದರ ಮೌಲ್ಯಮಾಪನದಲ್ಲಿ ಆ ವಿಷಯದ ಶಿಕ್ಷಕರೂ ಭಾಗಿ. ಮೂರನೆಯ ವರ್ಷದಲ್ಲಿ ಭತ್ಯೆಯಿರುವ ಇಂಟರ್ನ್‌ಶಿಪ್, ಭತ್ಯೆ ಸಿಗದ ಕಡೆ ವಿದ್ಯಾರ್ಥಿಯ ಜಿಲ್ಲೆಯಲ್ಲೇ ಮಾಡುವ ಕ್ಷೇತ್ರಕಾರ್ಯಕ್ಕೆ ಸಮಾನ ಅಂಕ. ನೇಮಕಾತಿ ಪತ್ರ, ಕೆಲಸದ ಗಂಟೆ, ಭವಿಷ್ಯ ನಿಧಿ, ಹಕ್ಕುಸ್ವಾಮ್ಯ ಇವುಗಳ ಮೇಲೆ ಒಂದು ಘಟಕ. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಸ್ಟುಡಿಯೊ ಬೇಡ.

ಇದರ ಜೊತೆಗೆ ಪ್ರತಿ ವಿಭಾಗ ಒಂದು ದಾಖಲೆ ಇಡಬೇಕು. ಹಿಂದಿನ ಐದು ತಂಡಗಳಲ್ಲಿ ಓದಿ ಹೋದವರು, ಹೆಸರು ಬೇಡ, ಈಗ ಯಾವ ಬಗೆಯ ಕೆಲಸದಲ್ಲಿದ್ದಾರೆ, ಮೊದಲ ಸಂಬಳ ಎಷ್ಟಿತ್ತು, ಎಷ್ಟು ಮಂದಿ ಕ್ಷೇತ್ರ ಬಿಟ್ಟರು, ಏಕೆ ಬಿಟ್ಟರು, ಕಾಲೇಜಿನಲ್ಲಿ ಕಲಿತ ಯಾವುದು ಉಪಯೋಗಕ್ಕೆ ಬಂತು. ವರ್ಷಕ್ಕೊಮ್ಮೆ ದೂರವಾಣಿಯಲ್ಲಿ ಮಾತಾಡಿಸಿ ಬರೆದಿಡುವ ಈ ಕೆಲಸವನ್ನು ವಿದ್ಯಾರ್ಥಿಗಳೇ ಸಂದರ್ಶನದ ಪಾಠವಾಗಿ ಮಾಡಬಹುದು. ಅಲ್ಲಿ ಸಿಗುವ ಉತ್ತರಗಳು ಪಠ್ಯಕ್ರಮ ತಿದ್ದುವವರಿಗೂ ಬೇಕು, ಮಗಳನ್ನು ಪತ್ರಿಕೋದ್ಯಮಕ್ಕೆ ಸೇರಿಸಲೋ ಬೇಡವೋ ಎಂದು ಯೋಚಿಸುವ ತಂದೆತಾಯಿಗೂ ಬೇಕು. ಮುಂದಿನ ಜೂನ್‌ನಲ್ಲಿ ಪ್ರವೇಶ ಶುರುವಾಗುವ ಹೊತ್ತಿಗೆ, ಪುಸ್ತಿಕೆಯ ‘ಉದ್ಯೋಗಾವಕಾಶಗಳು’ ಪುಟದಲ್ಲಿ ಈ ಮಾಹಿತಿಯನ್ನು ಅಚ್ಚು ಹಾಕುವ ಧೈರ್ಯವನ್ನು ಕೆಲವು ವಿಭಾಗಗಳಾದರೂ ಮಾಡಬೇಕು.